ಅಡಿಕೆ ದರದ ಸೈಟಿಗೆ ಬೆಂಗಳೂರಿನ ಸರ್ವರ್: ಡಿಜಿಟಲ್‌ಓಷನ್ ಬಿಎಲ್‌ಆರ್1 ಎರಡು ವರ್ಷ ಬಳಸಿದ ಮೇಲೆ

ಮಧ್ಯಾಹ್ನ ಟೆಂಡರ್ ಮುಗಿದು ದರ ಹೊರಬಿತ್ತು ಅಂದರೆ ನನ್ನ ಸೈಟಿಗೆ ಜನ ಒಟ್ಟಿಗೇ ಬರುತ್ತಾರೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು, ಕೆಂಪುಗೋಟು ಎಷ್ಟು. ಅವರಿಗೆ ಬೇಕಾದದ್ದು ಇಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ, ಇಷ್ಟು ಮಾರುಕಟ್ಟೆಯ ದರ ಒಂದೇ ಪುಟದಲ್ಲಿ. ನೋಡಿದರು, ಹೋದರು. ಉಳಿದ ಹೊತ್ತೆಲ್ಲ ಸೈಟು ಖಾಲಿ ಹೊಡೆಯುತ್ತಾ ಇರುತ್ತದೆ. ಆದರೆ ಆ ಒಂದರ್ಧ ಗಂಟೆ ಪುಟ ತೆರೆಯಲಿಲ್ಲ ಅಂದರೆ ಇಡೀ ದಿನ ಸೈಟು ಇದ್ದೂ ಇಲ್ಲದ ಹಾಗೆ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಹೋಸ್ಟಿಂಗ್ ರಿವ್ಯೂಗಳಲ್ಲಿ ಸಾಮಾನ್ಯವಾಗಿ ಕೋರ್ ಎಷ್ಟು, ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ ಬರೆಯುತ್ತಾರೆ. ನಾನು ಈಗ ಬಳಸುತ್ತಿರುವುದು ಬಿಎಲ್‌ಆರ್1, ಅಂದರೆ ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಷನ್ ಕಂಪನಿಯ ಬೆಂಗಳೂರು ಕೇಂದ್ರ. ಅದರ ನೆಟ್‌ವರ್ಕ್ ಬಗ್ಗೆಯೇ ಮುಖ್ಯವಾಗಿ ಬರೆಯುತ್ತೇನೆ. ನನ್ನಂಥ ಸಣ್ಣ ಸೈಟಿಗೆ ಏಟು ಬೀಳುವುದು ಅಲ್ಲಿ.

ಹಿಂದೆ ನನ್ನ ಸೈಟು ಬೇರೆ ಕಂಪನಿಯ ಶೇರ್ಡ್ ಹೋಸ್ಟಿಂಗ್‌ನಲ್ಲಿತ್ತು, ಅಂದರೆ ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವಂಥದ್ದು. ಹೆಸರು ಬೇಡ. ಜಾಹೀರಾತಿನಲ್ಲಿ ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್, 1 ಜಿಬಿಪಿಎಸ್ ಪೋರ್ಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಅದೇನು ಸುಳ್ಳಲ್ಲ. ಆಫೀಸಿನ ವೈರ್ ಕನೆಕ್ಷನ್‌ನಲ್ಲಿ ಕೂತು ದೊಡ್ಡ ಫೈಲ್ ಇಳಿಸಿದರೆ ಸರಾಗವಾಗಿ ಬರುತ್ತಿತ್ತು. ಹಾಗಾಗಿ ಯಾರಾದರೂ ನಿಧಾನ ಅಂದರೆ, ನಿಮ್ಮ ಕಡೆ ಟವರ್ ಸರಿ ಇಲ್ಲ ಅಂತ ನಾನೇ ಹೇಳಿ ಕಳಿಸುತ್ತಿದ್ದೆ.

ಒಂದು ಸಲ ಊರಿಗೆ ಹೋದಾಗ ಕಣ್ಣಾರೆ ನೋಡಿದೆ. ನಮ್ಮ ದೊಡ್ಡಪ್ಪ ಅಂಗಳದಲ್ಲಿ ಹರಡಿದ ಅಡಿಕೆ ದಾಟಿಕೊಂಡು ಹೋಗಿ, ತುಳಸಿಕಟ್ಟೆಯ ಪಕ್ಕ ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು. ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್. ಪುಟ ಒತ್ತಿದರು. ಬಿಳಿ ಪರದೆ. ಮೇಲೆ ಆ ನೀಲಿ ಗೆರೆ ಸ್ವಲ್ಪ ಮುಂದೆ ಹೋಗಿ ಅಲ್ಲೇ ನಿಂತಿತು. ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಎಂಟು, ಒಂಬತ್ತು, ಹತ್ತು. "ತಮಾ, ಬರೀ ಬಿಳಿ ಕಾಣ್ತು, ದರ ಎಲ್ಲಿದ್ದು?" ಅಂದರು. ಅದೇ ಜಾಗದಲ್ಲಿ, ಅದೇ ಮೊಬೈಲಿನಲ್ಲಿ ವಾಟ್ಸ್ಆ್ಯಪ್ ಮೆಸೇಜು ಠಣ್ ಅಂತ ಬಂದು ಬೀಳುತ್ತಿತ್ತು. ಹಾಗಾದರೆ ತಪ್ಪು ಟವರಿನದ್ದೊಂದೇ ಅಲ್ಲ ಅಂತಾಯಿತು ಅಲ್ವಾ.

ಅವತ್ತು ರಾತ್ರಿ ಸರ್ವರ್‌ಗೆ ಪಿಂಗ್ ಹೊಡೆದು, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ, ನೋಡಿದೆ. 260 ಮಿಲಿಸೆಕೆಂಡ್. ದೊಡ್ಡಪ್ಪನ ಮೊಬೈಲ್ ಡೇಟಾದಲ್ಲಿ 320 ದಾಟುತ್ತಿತ್ತು, ನಡುನಡುವೆ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಂಡು, ದಾರಿಯಲ್ಲೇ ಬಿದ್ದು ಹೋಗುತ್ತಿತ್ತು. ಸರ್ವರ್ ಇದ್ದದ್ದು ಅಮೆರಿಕದ ಪೂರ್ವ ಕರಾವಳಿಯಲ್ಲಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ಗೆರೆ ಎಳೆದರೂ 13 ಸಾವಿರ ಕಿಲೋಮೀಟರ್ ಮೇಲೆ. ಹೋಗಿ ಬರಲು 130 ಮಿಲಿಸೆಕೆಂಡ್ ಬೇಕೇ ಬೇಕು, ಯಾವ ಕಂಪನಿಯೂ ಅದನ್ನು ಕಡಿಮೆ ಮಾಡಲಾಗುವುದಿಲ್ಲ. ಸಮುದ್ರದ ಕೇಬಲ್ ನೇರ ಹೋಗುವುದಿಲ್ಲ, ಸುತ್ತಿ ಬಳಸಿ ಹೋಗುತ್ತದೆ. ಅದಕ್ಕೇ 220, 260 ಆಗುವುದು. ಇದು ಒಂದು ಸುತ್ತಿಗೆ. ಪುಟದ ಮೊದಲ ಅಕ್ಷರ ಬರುವ ಮುಂಚೆ ಎಷ್ಟು ಸುತ್ತು? ಟಿಸಿಪಿ ಸಂಪರ್ಕ ಕೂಡಿಸಲು ಒಂದು. ಎಚ್‌ಟಿಟಿಪಿಎಸ್ ಬೀಗಕ್ಕೆ, ಅಂದರೆ ಟಿಎಲ್‌ಎಸ್‌ಗೆ, ಹೊಸ 1.3 ಇದ್ದರೆ ಒಂದು, ಹಳೆಯ 1.2 ಇದ್ದರೆ ಎರಡು. ಆಮೇಲೆ ಪುಟ ಕೊಡು ಅಂತ ಕೇಳಲು ಇನ್ನೊಂದು. ನನ್ನ ಹಳೆಯ ಹೋಸ್ಟಿಂಗ್‌ನಲ್ಲಿ 1.2 ಇತ್ತು, ಅಲ್ಲಿಗೆ ನಾಲ್ಕು ಸುತ್ತು, ಒಂದು ಸೆಕೆಂಡಿನ ಮೇಲೆ ಸುಮ್ನೆ ಓಡಾಟಕ್ಕೇ ಹೋಯಿತು. ಇಷ್ಟಾದ ಮೇಲೂ ಸರ್ವರ್ ಇಡೀ ಪುಟವನ್ನು ಒಂದೇ ಸಲ ಕಳಿಸುವುದಿಲ್ಲ. ಮೊದಲು ಹತ್ತು ಪ್ಯಾಕೆಟ್, ಸುಮಾರು 14 ಕೆಬಿ ಕಳಿಸಿ, ಅದು ಮುಟ್ಟಿತು ಅಂತ ಉತ್ತರ ಬಂದ ಮೇಲೆ ಮುಂದಿನದ್ದು. ನಡುವೆ ಒಂದು ಪ್ಯಾಕೆಟ್ ಬಿದ್ದು ಹೋದರೆ ಮತ್ತೆ ಕಾಯಬೇಕು. ಎರಡು ಕಡ್ಡಿ ಸಿಗ್ನಲ್ ಇರುವ ಕಡೆ ಪ್ಯಾಕೆಟ್ ಬೀಳುವುದು ಮಾಮೂಲು.

ಒಂದು ಚೀಲ ಅಡಿಕೆ ಪೇಟೆಗೆ ಮುಟ್ಟಿಸಲು ಲಾರಿ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪೇಟೆ ಎಷ್ಟು ದೂರ, ಎಷ್ಟು ಸಲ ಓಡಾಡಬೇಕು ಅನ್ನುವುದೇ ಲೆಕ್ಕ. 1 ಜಿಬಿಪಿಎಸ್ ಅಂದರೆ ದೊಡ್ಡ ಲಾರಿ, ಅಷ್ಟೇ. ನನ್ನ ಪುಟ 40 ಕೆಬಿ.

ಕರ್ನಾಟಕದ ಓದುಗರಿಗೆ ಕರ್ನಾಟಕದಲ್ಲೇ ಸರ್ವರ್ ಹುಡುಕಿದಾಗ ಸಿಕ್ಕಿದ್ದು ಡಿಜಿಟಲ್‌ಓಷನ್‌ನ ಬಿಎಲ್‌ಆರ್1. 2016ರಿಂದ ಬೆಂಗಳೂರಲ್ಲಿದೆ. ಮುಂಬೈಯಲ್ಲಿ ಸರ್ವರ್ ಕೊಡುವವರು ಜಾಸ್ತಿ ಇದ್ದಾರೆ. ಬೆಂಗಳೂರಲ್ಲಿ, ಅದೂ ಕ್ರೆಡಿಟ್ ಕಾರ್ಡ್ ಹಾಕಿ ಒಂದು ನಿಮಿಷದಲ್ಲಿ ಶುರು ಮಾಡಬಹುದು ಅನ್ನುವಂಥವರು ಕಡಿಮೆ.

ದುಡ್ಡು ಕಟ್ಟುವ ಮುಂಚೆ ಪರೀಕ್ಷೆ ಮಾಡಲು ಸುಲಭ, ಅದು ನನಗೆ ತುಂಬಾ ಇಷ್ಟವಾಯಿತು. ವರ್ಷಕ್ಕೆ ಒಪ್ಪಂದ ಅಂತೆಲ್ಲ ಇಲ್ಲ. ಬಳಸಿದಷ್ಟು ಹೊತ್ತಿಗೆ ಬಿಲ್. ಸಣ್ಣ ಡ್ರಾಪ್ಲೆಟ್‌ಗೆ, ಅವರ ಭಾಷೆಯಲ್ಲಿ ಒಂದು ಸರ್ವರ್‌ಗೆ, ಗಂಟೆಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಒಂದು ಬೆಂಗಳೂರಲ್ಲಿ, ಒಂದು ಸಿಂಗಾಪುರದಲ್ಲಿ ಹಾಕಿದೆ. ಸಿದ್ದಾಪುರದಲ್ಲಿರುವ ಗೆಳೆಯ, ಮಂಗಳೂರಿನಲ್ಲಿ ಓದುವ ತಂಗಿಯ ಮಗಳು, ಶಿವಮೊಗ್ಗದ ಒಬ್ಬ ಮಂಡಿ ಗುಮಾಸ್ತರು, ಮತ್ತೆ ದೊಡ್ಡಪ್ಪ. ಇಷ್ಟು ಜನರ ಮೊಬೈಲಿನಲ್ಲಿ ಪಿಂಗ್ ಆ್ಯಪ್ ಹಾಕಿಸಿ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ ನೋಡಿ ಅಂತ ಹೇಳಿದೆ. ರಾತ್ರಿ ಒಂಬತ್ತು ಯಾಕೆ ಅಂದರೆ ಎಲ್ಲರೂ ವಿಡಿಯೋ ನೋಡುವ ಹೊತ್ತು, ಲೈನ್ ತುಂಬಿರುತ್ತದೆ. ಬೆಳಗ್ಗೆ ಆರಕ್ಕೆ ಎಲ್ಲ ನೆಟ್‌ವರ್ಕೂ ಚೆನ್ನಾಗಿಯೇ ಇರುತ್ತದೆ.

ಶಿರಸಿಯ ಫೈಬರ್ ಲೈನಿಂದ ಬೆಂಗಳೂರಿಗೆ 11ರಿಂದ 14 ಮಿಲಿಸೆಕೆಂಡ್ ಬಂತು. ಬೆಂಗಳೂರಿನ ನನ್ನ ಮನೆಯಿಂದ 4, 5. ಮೊಬೈಲ್ ಡೇಟಾದಲ್ಲಿ 35ರಿಂದ 60, ಅದರಲ್ಲಿ ಹೆಚ್ಚಿನ ಪಾಲು ಮೊಬೈಲಿಗೂ ಟವರಿಗೂ ನಡುವಿನದ್ದೇ. ಸಿಂಗಾಪುರಕ್ಕೆ ಫೈಬರ್‌ನಲ್ಲಿ 45 ಆಸುಪಾಸು, ಅದೂ ಕೆಟ್ಟದ್ದಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಸಿಂಗಾಪುರದ್ದು 80, 110 ಅಂತ ಕುಣಿಯುತ್ತಿತ್ತು. ಬೆಂಗಳೂರಿನದ್ದು ಹೆಚ್ಚು ಅಲುಗಲಿಲ್ಲ. ನನಗೆ ಬೇಕಾದದ್ದು ಈ ಅಲುಗದಿರುವ ಗುಣ. ಒಂದು ದಿನ 10, ಇನ್ನೊಂದು ದಿನ 100 ಆಗುವ ನೆಟ್‌ವರ್ಕಿಗಿಂತ ಯಾವಾಗಲೂ 40 ಇರುವ ನೆಟ್‌ವರ್ಕ್ ವಾಸಿ.

ಸರ್ವರ್ ಬೆಂಗಳೂರಲ್ಲಿ ಇದ್ದ ಮಾತ್ರಕ್ಕೆ ಎಲ್ಲರಿಗೂ ಹತ್ತಿರ ಅಂತ ತಿಳಿಯಬೇಡಿ. ಇದು ನಾನು ಆಮೇಲೆ ಕಲಿತ ಪಾಠ. ಇಂಟರ್‌ನೆಟ್ ಕಂಪನಿಗಳು ಒಬ್ಬರ ಟ್ರಾಫಿಕ್ಕನ್ನು ಇನ್ನೊಬ್ಬರಿಗೆ ಎಲ್ಲೋ ಒಂದು ಕಡೆ ಕೈ ಬದಲಾಯಿಸಬೇಕು. ಅದಕ್ಕೇ ಎಕ್ಸ್‌ಚೇಂಜ್‌ಗಳು ಇರುವುದು. ನಮ್ಮ ದೇಶದಲ್ಲಿ ಎನ್‌ಐಎಕ್ಸ್‌ಐ (ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) 2003ರಲ್ಲಿ ಶುರುವಾದದ್ದೂ ಇದಕ್ಕೇ, ದೇಶದೊಳಗಿನ ಮಾತು ಹೊರದೇಶ ಸುತ್ತಿ ಬರದಿರಲಿ ಅಂತ. ಆದರೂ ಮುಂಬೈ ಮತ್ತು ಚೆನ್ನೈಯಲ್ಲಿ ಸಮುದ್ರದ ಕೇಬಲ್ ದಡ ಮುಟ್ಟುವುದರಿಂದ ಹೆಚ್ಚಿನ ಕೈ ಬದಲಾವಣೆ ಅಲ್ಲೇ ನಡೆಯುತ್ತದೆ. ಹಾಗಾಗಿ ಮೈಸೂರಿನ ಮನೆಯಿಂದ ಬೆಂಗಳೂರಿನ ಸರ್ವರ್‌ಗೆ ಹೋಗುವ ಪ್ಯಾಕೆಟ್ ಚೆನ್ನೈ ನೋಡಿಕೊಂಡು ಬರುವುದು ಹೊಸದೇನಲ್ಲ. ಅದಕ್ಕೆ ಹತ್ತು ಹದಿನೈದು ಮಿಲಿಸೆಕೆಂಡ್ ಜಾಸ್ತಿ, ಅಷ್ಟೇ. ತಡೆದುಕೊಳ್ಳಬಹುದು.

ನನಗೆ ತಡೆದುಕೊಳ್ಳಲಾಗದ್ದು ಇನ್ನೊಂದು ಆಯಿತು. ಬಿಎಲ್‌ಆರ್1ಗೆ ಬಂದು ಏಳೆಂಟು ತಿಂಗಳಿಗೆ, ಒಂದೇ ತಾಲ್ಲೂಕಿನ ಕೆಲವರು ಸೈಟು ಮತ್ತೆ ನಿಧಾನ ಅನ್ನಲು ಶುರು ಮಾಡಿದರು. ಎಲ್ಲರೂ ಒಂದೇ ಸಣ್ಣ ಫೈಬರ್ ಕಂಪನಿಯ ಗ್ರಾಹಕರು. ಒಬ್ಬರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಎಂಟಿಆರ್ ಹಾಕಿದೆ. ಎಂಟಿಆರ್ ಗೊತ್ತಿಲ್ಲದವರಿಗೆ: ಪ್ಯಾಕೆಟ್ ದಾರಿಯಲ್ಲಿ ಯಾವ್ಯಾವ ರೌಟರ್ ದಾಟುತ್ತದೆ, ಒಂದೊಂದು ಕಡೆ ಎಷ್ಟು ಹೊತ್ತು, ಎಷ್ಟು ನಷ್ಟ ಅಂತ ಸಾಲಾಗಿ ತೋರಿಸುವ ಸಣ್ಣ ಪ್ರೋಗ್ರಾಂ. ಸರ್ವರ್ ಕಡೆಗೆ ಹೋಗುವ ದಾರಿ ನೇರವಾಗಿತ್ತು, ಬೆಂಗಳೂರು ಬಿಟ್ಟು ಆಚೆ ಹೋಗಿರಲಿಲ್ಲ. ಆದರೂ ಕೊನೆಯ ಸಾಲಿನಲ್ಲಿ 80 ಮಿಲಿಸೆಕೆಂಡ್. ತಲೆ ಕೆಟ್ಟು ಹೋಯಿತು.

ಆಮೇಲೆ ಸರ್ವರ್ ಒಳಗೆ ಲಾಗಿನ್ ಆಗಿ ಅಲ್ಲಿಂದ ಆ ಮನೆಯ ಐಪಿಗೆ ಎಂಟಿಆರ್ ಹಾಕಿದೆ. ಆಗ ಕಂಡಿತು. ರೌಟರ್ ಹೆಸರುಗಳಲ್ಲಿ ವಿಮಾನ ನಿಲ್ದಾಣದ ಮೂರಕ್ಷರ ಇಡುವುದು ರೂಢಿ. ಚೆನ್ನೈ ಅಂದರೆ ಎಂಎಎ, ಮುಂಬೈ ಅಂದರೆ ಬಿಒಎಂ. ಮೊದಲ ಮೂರು ಸಾಲು ಬಿಎಲ್‌ಆರ್, 1, 1, 2 ಮಿಲಿಸೆಕೆಂಡ್. ನಾಲ್ಕನೆಯದು ಎಂಎಎ, 7. ಐದನೆಯದು ಎಸ್‌ಐಎನ್, 41. ಎಸ್‌ಐಎನ್ ಅಂದರೆ ಸಿಂಗಾಪುರ. ಅದರ ಕೆಳಗೆ ಮತ್ತೆ ಎಂಎಎ, 74. ಪುಟ ಕೊಡು ಅನ್ನುವ ಕೋರಿಕೆ ಶಿರಸಿಯಿಂದ ಬೆಂಗಳೂರಿಗೆ ನೆಟ್ಟಗೆ ಬರುತ್ತಿತ್ತು, ಉತ್ತರ ಮಾತ್ರ ಸಮುದ್ರ ದಾಟಿ ಸಿಂಗಾಪುರ ಮುಟ್ಟಿ ವಾಪಸ್ ಬರುತ್ತಿತ್ತು. ಹೋಗುವ ದಾರಿ, ಬರುವ ದಾರಿ ಎರಡೂ ಬೇರೆ ಬೇರೆ ಇರಬಹುದು ಅಂತ ಓದಿದ್ದೆ, ಕಣ್ಣಲ್ಲಿ ನೋಡಿದ್ದು ಅವತ್ತೇ.

ಎರಡೂ ಕಡೆಯ ಎಂಟಿಆರ್ ಹಾಕಿ ಡಿಜಿಟಲ್‌ಓಷನ್‌ಗೆ ಟಿಕೆಟ್ ಬರೆದೆ. ಅದೇ ದಿನ ಉತ್ತರ ಬಂತು, ಕ್ಯಾಶ್ ತೆಗೆದು ನೋಡಿ ಅನ್ನುವ ಉತ್ತರ ಅಲ್ಲ. ಯಾವ ಐಪಿ ಬ್ಲಾಕ್ (ಇಂಟರ್‌ನೆಟ್ ವಿಳಾಸಗಳ ಗುಂಪು), ಎಷ್ಟು ಗಂಟೆಗೆ ತೆಗೆದದ್ದು ಅಂತ ಕೇಳಿ ನೆಟ್‌ವರ್ಕ್ ತಂಡಕ್ಕೆ ದಾಟಿಸಿದರು. ಆ ಫೈಬರ್ ಕಂಪನಿ ಹೊಸದಾಗಿ ತಗೊಂಡ ಐಪಿ ಬ್ಲಾಕನ್ನು ತನ್ನ ಹೊರದೇಶದ ಲಿಂಕಿನಲ್ಲಿ ಮಾತ್ರ ಘೋಷಿಸಿತ್ತು, ದೇಶದೊಳಗಿನ ದಾರಿ ಯಾರಿಗೂ ಹೇಳಿರಲಿಲ್ಲ, ಅದಕ್ಕೇ ಬೆಂಗಳೂರಿನ ರೌಟರ್‌ಗೆ ಸಿಂಗಾಪುರವೇ ದಾರಿ ಅಂತ ಕಂಡಿತ್ತು. ಆ ಕಂಪನಿಯ ಎಂಜಿನಿಯರ್‌ಗೂ ನಾನೇ ಫೋನ್ ಮಾಡಿ ಹೇಳಿದೆ. ನಾಲ್ಕು ದಿನದಲ್ಲಿ ಸರಿ ಹೋಯಿತು. 80 ಇದ್ದದ್ದು 12ಕ್ಕೆ ಇಳಿಯಿತು. ನೀವು ಯಾವ ಹೋಸ್ಟಿಂಗ್ ತಗೊಂಡರೂ ಟಿಕೆಟ್ ಬರೆಯುವಾಗ ಎರಡೂ ದಿಕ್ಕಿನ ಎಂಟಿಆರ್ ಹಾಕಿ. ಒಂದೇ ಹಾಕಿದರೆ ಅರ್ಧ ಕಥೆ ಹೇಳಿದ ಹಾಗೆ.

ಹತ್ತಿರದ ಸರ್ವರ್‌ನ ಬೆಲೆ ಗೊತ್ತಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ನನ್ನ ಇನ್ನೊಂದು ಸೈಟು, ಊರಿನ ಹಳೆಯ ಫೋಟೋಗಳದ್ದು, ಜರ್ಮನಿಯ ಒಂದು ಸರ್ವರ್‌ನಲ್ಲಿದೆ. ಅಲ್ಲಿ ಡಿಸ್ಕ್ ಅಗ್ಗ, ಫೋಟೋಗೆ ಅವಸರವೂ ಇಲ್ಲ. ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದಲ್ಲಿ, ಜೆಡ್ಡಾ ಹತ್ತಿರ ಸಮುದ್ರದಡಿಯ ಕೇಬಲ್‌ಗಳು ತುಂಡಾದವು. ಭಾರತದಿಂದ ಯುರೋಪಿಗೆ ಹೋಗುವ ಟ್ರಾಫಿಕ್ಕಿನ ದೊಡ್ಡ ಪಾಲು ಆ ಸಣ್ಣ ಓಣಿಯಲ್ಲೇ ಹಾದು ಹೋಗುವುದು. ಫೋಟೋ ಸೈಟಿನ ಪಿಂಗ್ 150 ಇದ್ದದ್ದು 250 ದಾಟಿತು, ಸಂಜೆ ಹೊತ್ತು ಪುಟ ಅರ್ಧ ಬಂದು ನಿಲ್ಲುತ್ತಿತ್ತು. ಜರ್ಮನಿಯವರ ತಪ್ಪು ಏನೂ ಇಲ್ಲ, ಅವರ ಸರ್ವರ್ ಗಟ್ಟಿಯಾಗಿಯೇ ನಿಂತಿತ್ತು. ಅದೇ ದಿನಗಳಲ್ಲಿ ಅಡಿಕೆ ಸೈಟಿಗೆ ಏನೂ ಆಗಲಿಲ್ಲ. ಶಿರಸಿಯಿಂದ ಬೆಂಗಳೂರಿಗೆ ಹೋಗಲು ಯಾವ ಸಮುದ್ರವೂ ದಾಟಬೇಕಿಲ್ಲ.

ಗ್ಯಾರಂಟಿ ವಿಷಯಕ್ಕೆ ಬಂದರೆ, ಡಿಜಿಟಲ್‌ಓಷನ್ ಡ್ರಾಪ್ಲೆಟ್ 99.99% ಹೊತ್ತು ಚಾಲೂ ಇರುತ್ತದೆ ಅನ್ನುತ್ತದೆ. ತಿಂಗಳಿಗೆ ನಾಲ್ಕು ನಿಮಿಷ ನಿಲ್ಲಬಹುದು ಅನ್ನುವ ಲೆಕ್ಕ. ಹಲವು ಕಡೆ ಕೊಡುವ 99.9% ಅಂದರೆ 43 ನಿಮಿಷ. ಓದಲು ಒಂದು ಒಂಬತ್ತಿನ ವ್ಯತ್ಯಾಸ, ಆದರೆ ಆ 43 ನಿಮಿಷ ಟೆಂಡರ್ ದರ ಬರುವ ಹೊತ್ತಿಗೇ ಬಂದು ಬಿದ್ದರೆ ನನ್ನ ಕೆಲಸ ಅವತ್ತಿಗೆ ಮುಗಿಯಿತು. ನಾನು ಬೇರೆ ಎರಡು ಜಾಗದಿಂದ ಪ್ರತಿ ನಿಮಿಷ ಸೈಟು ನೋಡುವ ಹಾಗೆ ಇಟ್ಟಿದ್ದೇನೆ. ಈ ಎರಡು ವರ್ಷದಲ್ಲಿ ಟೆಂಡರ್ ಹೊತ್ತಿನಲ್ಲಿ ಬಿಎಲ್‌ಆರ್1ರ ನೆಟ್‌ವರ್ಕ್ ಕೈ ಕೊಟ್ಟದ್ದು ನಾನು ಕಂಡಿಲ್ಲ. ಒಂದು ಸಲ ಸೈಟು ಬಿದ್ದಿತ್ತು, ಅದು ಲಾಗ್ ಫೈಲ್ ಬೆಳೆದು ಡಿಸ್ಕ್ ತುಂಬಿದ್ದಕ್ಕೆ.

ದುಡ್ಡು: ನಾನು ಇಟ್ಟಿರುವುದು ತಿಂಗಳಿಗೆ 6 ಡಾಲರ್‌ನ ಡ್ರಾಪ್ಲೆಟ್. 1 ಜಿಬಿ ರ‍್ಯಾಮ್, 25 ಜಿಬಿ ಎಸ್‌ಎಸ್‌ಡಿ, 1000 ಜಿಬಿ ಡೇಟಾ. 18% ಜಿಎಸ್‌ಟಿ ಸೇರಿದರೆ 600 ರೂಪಾಯಿ ಮೇಲೆ ಆಗುತ್ತದೆ, ಡಾಲರ್ ಏರಿದ ಹಾಗೆ ಇದೂ ಏರುತ್ತದೆ. ಅನ್‌ಲಿಮಿಟೆಡ್ ಅನ್ನುವ ಮಾತಿಲ್ಲ, 1000 ಜಿಬಿ ದಾಟಿದರೆ ಜಿಬಿಗೆ ಒಂದು ಸೆಂಟ್. ಅನ್‌ಲಿಮಿಟೆಡ್ ಬಿಟ್ಟು ಇಲ್ಲಿಗೆ ಯಾಕೆ ಬಂದೆ ಅಂತ ಒಬ್ಬರು ಕೇಳಿದರು. ಲೆಕ್ಕ ಹಾಕಿ ನೋಡಿ. 40 ಕೆಬಿ ಪುಟವನ್ನು ಒಂದು ಲಕ್ಷ ಸಲ ತೆರೆದರೂ 4 ಜಿಬಿ. ನನಗೆ ಸಾವಿರ ಜಿಬಿ ಯಾವ ಕಾಲಕ್ಕೂ ಖರ್ಚಾಗುವುದಿಲ್ಲ. ಲೆಕ್ಕ ಬರೆದು ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಪೂರ್ತಿ ಶ್ರೇಯಸ್ಸು ಸರ್ವರ್‌ಗೇ ಕೊಟ್ಟರೆ ತಪ್ಪಾಗುತ್ತದೆ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಯುಟಿಎಫ್-8ರಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಪದ್ಧತಿಯಲ್ಲಿ, ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದು ಸಾಕು. 'ಬೆಟ್ಟೆ' ಅನ್ನುವ ಎರಡಕ್ಷರದ ಮಾತಿಗೇ 18 ಬೈಟ್. ಕಂಪ್ರೆಸ್ ಮಾಡದೆ ಕಳಿಸುವ ಕನ್ನಡ ಸೈಟುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಂಪ್ರೆಸ್ ಮಾಡುವ ಬ್ರಾಟ್ಲಿ ಹಾಕಿದ ಮೇಲೆ ನನ್ನ 40 ಕೆಬಿ ಪುಟ 9 ಕೆಬಿ ಆಯಿತು, ಅಂದರೆ ಮೊದಲ ಹತ್ತು ಪ್ಯಾಕೆಟ್‌ನಲ್ಲೇ ಪೂರ್ತಿ ಬಂದು ಬೀಳುತ್ತದೆ. ಟಿಎಲ್‌ಎಸ್ 1.3 ಹಾಕಿದೆ, ಒಂದು ಸುತ್ತು ಉಳಿಯಿತು. ಲಿನಕ್ಸ್‌ನಲ್ಲಿ ಬಿಬಿಆರ್, ಅಂದರೆ ಡೇಟಾ ಎಷ್ಟು ವೇಗದಲ್ಲಿ ಕಳಿಸಬೇಕು ಅಂತ ತೀರ್ಮಾನಿಸುವ ಒಂದು ವಿಧಾನ, ಆನ್ ಮಾಡಿದೆ. ಒಂದೆರಡು ಪ್ಯಾಕೆಟ್ ಬಿದ್ದ ಕೂಡಲೇ ಹೆದರಿ ವೇಗ ಕಡಿಮೆ ಮಾಡುವ ಹಳೆಯ ಅಭ್ಯಾಸ ಅದಕ್ಕಿಲ್ಲ, ಸಿಗ್ನಲ್ ಕಡಿಮೆ ಇರುವ ಊರುಗಳಿಗೆ ಇದು ಒಳ್ಳೆಯದು. ಒಂದು ಸಿಡಿಎನ್‌ನ, ಅಂದರೆ ಪುಟದ ಪ್ರತಿಯನ್ನು ಹಲವು ಊರುಗಳಲ್ಲಿಟ್ಟು ಹಂಚುವ ಸೇವೆಯ, ಉಚಿತ ಪ್ಲಾನ್ ಕೂಡ ಸರ್ವರ್ ಮುಂದೆ ಇಟ್ಟು ನೋಡಿದೆ. ಕೆಲವು ಸಿಮ್‌ಗಳಿಗೆ ಅದು ಸಿಂಗಾಪುರದಿಂದ ಉತ್ತರ ಕೊಡುತ್ತಿತ್ತು, ತೆಗೆದುಬಿಟ್ಟೆ.

ಈಗ ಕೊರತೆಗಳು. ನ್ಯೂಯಾರ್ಕಿನಲ್ಲಿ ಇವರಿಗೆ ಎನ್‌ವೈಸಿ1, 2, 3 ಅಂತ ಮೂರು ಇದ್ದರೆ ಬೆಂಗಳೂರಲ್ಲಿ ಒಂದೇ. ಆ ಒಂದಕ್ಕೆ ಏನಾದರೂ ಆದರೆ ಭಾರತದೊಳಗೆ ಅವರದ್ದೇ ಇನ್ನೊಂದು ಜಾಗ ಇಲ್ಲ. ರಿಸರ್ವ್ಡ್ ಐಪಿಯನ್ನು, ಅಂದರೆ ನಮಗೆಂದೇ ಕಾದಿರಿಸಿದ ವಿಳಾಸವನ್ನು, ಬೇರೆ ಊರಿನ ಡ್ರಾಪ್ಲೆಟ್‌ಗೆ ಬದಲಾಯಿಸಲಾಗುವುದಿಲ್ಲ. ಹಾಗಾಗಿ ನಾನು ಪ್ರತಿ ವಾರ ಸ್ನ್ಯಾಪ್‌ಶಾಟ್ (ಇಡೀ ಸರ್ವರ್‌ನ ಪ್ರತಿ) ತೆಗೆದು ಸಿಂಗಾಪುರಕ್ಕೆ ಕಾಪಿ ಮಾಡುತ್ತೇನೆ, ವಿಳಾಸ ಬದಲಾಯಿಸಿದರೆ ಬೇಗ ಎಲ್ಲರಿಗೂ ಗೊತ್ತಾಗಲಿ ಅಂತ ಡಿಎನ್‌ಎಸ್ ಟಿಟಿಎಲ್ ಐದು ನಿಮಿಷಕ್ಕೆ ಇಟ್ಟಿದ್ದೇನೆ. ಮೇಲ್ ಕಳಿಸುವ 25ನೇ ಪೋರ್ಟ್ ಮುಚ್ಚಿರುತ್ತದೆ, ಮೇಲ್‌ಗೆ ಬೇರೆ ಸೇವೆ ನೋಡಿಕೊಳ್ಳಬೇಕು. ಮೌಸ್ ಒತ್ತಿ ಸರ್ವರ್ ನಡೆಸುವ ಸಿಪ್ಯಾನೆಲ್ ತರಹದ್ದು ಕೈಗೆ ಇಡುವುದಿಲ್ಲ, ಬರೀ ಲಿನಕ್ಸ್ ಕೊಡುತ್ತಾರೆ. ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲ ನಿಮ್ಮ ತಲೆ ಮೇಲೆ. ಟರ್ಮಿನಲ್ ನೋಡಿದರೆ ಭಯ ಆಗುವವರು ಇದನ್ನು ತಗೊಳ್ಳಬೇಡಿ, ಗೊತ್ತಿರುವವರ ಕೈಲಿ ಮಾಡಿಸಿ.

ಓದುಗರು ಹೊರದೇಶದಲ್ಲೇ ಇದ್ದರೆ ಕಥೆ ಉಲ್ಟಾ. ನ್ಯೂಜೆರ್ಸಿಯಲ್ಲಿ ಕೂತು ಅಪ್ಪನ ತೋಟದ ದರ ನೋಡುವವರು ನನ್ನ ಸೈಟಿಗೂ ಇದ್ದಾರೆ. ಹಿಂದೆ ದೊಡ್ಡಪ್ಪ ಪಟ್ಟ ಪಾಡು ಈಗ ಅವರ ಪಾಲಿಗೆ, 250 ಮಿಲಿಸೆಕೆಂಡ್. ಪುಟ ಸಣ್ಣದಾದ್ದರಿಂದ ಒಂದು ಸೆಕೆಂಡಿನೊಳಗೆ ತೆರೆಯುತ್ತದೆ ಅಂತ ಅವರೇ ಬರೆದು ತಿಳಿಸಿದ್ದಾರೆ. ಆದರೆ ಅಮೆರಿಕದ ಕನ್ನಡ ಕೂಟಕ್ಕೆ ಸೈಟು ಮಾಡುತ್ತೀರಿ ಅಂದರೆ ಬೆಂಗಳೂರು ಬೇಡ, ಅಲ್ಲೇ ಹತ್ತಿರ ನೋಡಿ.

ಹೋದ ಸುಗ್ಗಿಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ಮೊಬೈಲಿನಲ್ಲಿ ಮತ್ತೆ ನೋಡಿದೆ. ಅದೇ ತುಳಸಿಕಟ್ಟೆ, ಅದೇ ಎರಡು ಕಡ್ಡಿ. ಎರಡು ಎಣಿಸುವುದರೊಳಗೆ ದರ ಬಂತು. ಅವರು ಸೈಟಿನ ಬಗ್ಗೆ ಏನೂ ಹೇಳಲಿಲ್ಲ, ಚಾಲಿ ಇನ್ನೂ ಏರುತ್ತದೋ ಇಲ್ಲವೋ ಅನ್ನುವ ಮಾತಿಗೆ ಇಳಿದರು.

ಪರೀಕ್ಷೆ ಮಾಡಿ ನೋಡುವವರಿಗೆ ಒಂದು ಮಾತು. ಕೆಲಸ ಆದ ಮೇಲೆ ಡ್ರಾಪ್ಲೆಟ್ ಬರೀ ಪವರ್ ಆಫ್ ಮಾಡಿದರೆ ಸಾಲದು, ಆಫ್ ಇದ್ದರೂ ಬಿಲ್ ಓಡುತ್ತಲೇ ಇರುತ್ತದೆ. ಡಿಸ್ಟ್ರಾಯ್ ಒತ್ತಿ.